ಏಳನೇ ಗೇಟಿನ ಗ್ಲೆನಿಸ್

ಅಧ್ಯಕ್ಷರೇ, ಮೂರು ನಿಮಿಷ ಕೊಟ್ಟಿದ್ದೀರಿ.
ಈ ಮೈಕು ನನ್ನೆತ್ತರಕ್ಕೆ ಬಗ್ಗುವಷ್ಟರಲ್ಲಿ
ಅರ್ಧ ನಿಮಿಷ ಹೋಯಿತು. ಇರಲಿ.

ನಾನು ಗ್ಲೆನಿಸ್ ಥ್ರಸೆಲ್.
ಸ್ಕಾರ್ತ್‌ಬಿ ಮೈದಾನದ ಏಳನೇ ಗೇಟಿನಲ್ಲಿ
ಮೂವತ್ತೊಂದು ಚಳಿಗಾಲ ಕೂತವಳು.
ಕಾಲಲ್ಲಿ ಪೆಡಲು ಒತ್ತುತ್ತೇನೆ, ಕಟಕ್ ಅನ್ನುತ್ತದೆ,
ಒಬ್ಬರು ಒಳಗೆ.
ಎಷ್ಟು ತೊಳೆದರೂ ಮೀನಿನ ವಾಸನೆ ಬಿಡದ ಕೈಗಳು,
ಅಪ್ಪನ ಹೆಗಲೇರಿ ಬಂದು
ಕಬ್ಬಿಣದ ತೊಲೆಗೆ ಹಣೆ ಬಡಿಸಿಕೊಂಡು
ಅಳಬೇಕೋ ನಗಬೇಕೋ ತಿಳಿಯದ ಮಕ್ಕಳು.
ಒಮ್ಮೆ ಡೋರೀನ್ ಅಪ್‌ಶಾಲ್ ಬಂದಳು
ಬಿಸ್ಕತ್ತಿನ ಡಬ್ಬಿಯಲ್ಲಿ ಗಂಡನ ಬೂದಿ ಹಿಡಿದು.
‘ಇಬ್ಬರಿಗೆ’ ಅಂದಳು, ದುಡ್ಡೂ ಎಣಿಸಿಟ್ಟಳು.
ಎರಡು ಸಲ ಒತ್ತಿದೆ.

ನಿಮ್ಮ ಮೆಟ್ಟಿಲ ಬುಡದಲ್ಲಿ, ಗಾಜಿನ ಪೆಟ್ಟಿಗೆಯೊಳಗೆ,
ಹೊಸ ಕ್ರೀಡಾಂಗಣ ನೋಡಿದೆ.
ಇದು ನಾಲ್ಕನೆಯದು.
ಮೊದಲನೆಯದು ಹಳೇ ಮೀನುಕಟ್ಟೆಯಲ್ಲಿ ಬರಬೇಕಿತ್ತು,
ಎರಡನೆಯದು ರೈಲುಹಳಿಯ ಆಚೆ,
ಮೂರನೆಯದು ಯಾರದೋ ಭಾವಮೈದುನನ ಹೊಲದಲ್ಲಿ.
ಅದರ ಬಗ್ಗೆ ನಾನೇನೂ ಹೇಳುವುದಿಲ್ಲ,
ಭಾವಮೈದುನ ಎರಡನೇ ಸಾಲಿನಲ್ಲೇ ಕೂತಿದ್ದಾನೆ.

ಪೆಟ್ಟಿಗೆಯ ಸುತ್ತ ಮೂರು ಸುತ್ತು ಬಂದೆ.
ಬೆರಳ ಉಗುರಿನಷ್ಟು ಪ್ಲಾಸ್ಟಿಕ್ ಜನ, ಇನ್ನೂರ ಹನ್ನೆರಡು.
ಎಣಿಸಿದ್ದೇನೆ, ಎಣಿಸುವುದೇ ನನ್ನ ಕಸುಬು.
ಎಲ್ಲರೂ ತೋಳಿಲ್ಲದ ಅಂಗಿಯಲ್ಲಿದ್ದಾರೆ!
ನಮ್ಮ ಕಡಲಿನ ಗಾಳಿ ಒಮ್ಮೆಯೂ ಮುಖಕ್ಕೆ ರಾಚದ ಪ್ರಜೆಗಳು.
ಮಧ್ಯದ ಬಿಳಿ ವೃತ್ತದಲ್ಲಿ
ಒಂದು ನೊಣ ಅಂಗಾತ ಸತ್ತಿದೆ,
ಅದೊಂದೇ ಅಲ್ಲಿ ನಿಜವಾಗಿ ಬದುಕಿದ್ದದ್ದು.

ಇದಕ್ಕಾಗಿ ಐಸ್ ಫ್ಯಾಕ್ಟರಿ ಕೆಡವಿದಿರಿ.
ನನ್ನಮ್ಮ ಬೆರಳು ಮರಗಟ್ಟಿಸಿಕೊಂಡು ದುಡಿದ ಗೋಡೆಗಳು
ಹನ್ನೊಂದು ಸೆಕೆಂಡಿನಲ್ಲಿ ಮಂಡಿಯೂರಿದವು.
ಊರಿಗೆ ಊರೇ ಫ್ಲಾಸ್ಕಿನಲ್ಲಿ ಚಹಾ ಹಿಡಿದು ನೋಡಲು ಹೋಗಿತ್ತು.
ಚಪ್ಪಾಳೆ ತಟ್ಟಿದರು.
ನಾನೂ ತಟ್ಟಿದೆ, ಅಧ್ಯಕ್ಷರೇ. ಸುಳ್ಳು ಹೇಳಲಾರೆ.
ಆರು ವರ್ಷವಾಯಿತು. ಅಲ್ಲೀಗ ಒಂದು ಹೊಂಡ,
ಅದರಲ್ಲಿ ಕಡಲಹಕ್ಕಿಗಳ ಸಭೆ;
ನಿಮ್ಮದಕ್ಕಿಂತ ಬೇಗ ಮುಗಿಯುತ್ತದೆ.
ಗುಡ್ಡ ಅಗೆದಿರಿ, ಇಲಿಯೂ ಸಿಗಲಿಲ್ಲ,
ಅಗೆದವನ ಬಿಲ್ಲು ಮಾತ್ರ ತಪ್ಪದೆ ಬಂತು.

ಚುನಾವಣೆ ಬಂದಾಗಲೆಲ್ಲ ನಮ್ಮ ಮೂಗಿಗೆ ತುಪ್ಪ.
ಪೂರ್ವದ ಛಾವಣಿಯ ತೂತು ಮುಚ್ಚಿ ಅಂದರೆ
‘ಹೇಗೂ ಹೊಸದು ಬರುತ್ತಲ್ಲ’.
ಹೆಂಗಸರ ಶೌಚಾಲಯಕ್ಕೊಂದು ಬೀಗ ಹಾಕಿಸಿ ಅಂದರೆ
‘ಹೊಸದು ಬರುತ್ತಲ್ಲ’.
ಬರುವ ಹೊಸದರ ನೆರಳಿನಲ್ಲಿ ಇರುವುದು ಕೊಳೆಯುತ್ತಿದೆ.

ನಿಲ್ಲಿ, ಇನ್ನೊಂದು ಮಾತಿದೆ.
ಹೋದ ಜನವರಿಯಲ್ಲಿ ಹೊರಊರಿನವನೊಬ್ಬ,
ಹೊಳೆಯುವ ಬೂಟಿನವನು, ನನ್ನ ಗೇಟಿಗೆ ಬಂದು
‘ಇದೇನು, ದನದ ಕೊಟ್ಟಿಗೆಯಾ?’ ಅಂದ.
ಪೆಡಲಿನಿಂದ ಕಾಲು ತೆಗೆದೆ.
‘ಗೇಟು ಕೆಟ್ಟಿದೆ ಸ್ವಾಮಿ, ಒಂಬತ್ತಕ್ಕೆ ಹೋಗಿ’ ಅಂದೆ.
ಒಂಬತ್ತು ಮೈದಾನದ ಆ ತುದಿಗಿದೆ. ಆಲಿಕಲ್ಲು ಬೀಳುತ್ತಿತ್ತು.
ಕೊಟ್ಟಿಗೆಯೇ ಹೌದು. ಆದರೆ ಹಾಗೆನ್ನುವ ಹಕ್ಕು
ಅದರೊಳಗೆ ನೆಂದವರಿಗೆ ಮಾತ್ರ.
ಆ ಇಡೀ ರಾತ್ರಿ ನನಗೆ ಸಿಟ್ಟು ಬಂದದ್ದು
ಅವನ ಮೇಲಲ್ಲ,
ಅವನ ಮಾತನ್ನು ನಿಜ ಮಾಡಿಟ್ಟ ನಿಮ್ಮ ಮೇಲೆ.

ಕೆಂಪು ದೀಪ ಹತ್ತಿತು. ಗೊತ್ತು.
ನೀವು ಎಂದಿನಂತೆ ‘ನಾಳೆ ಬಾ’ ಅನ್ನುತ್ತೀರಿ,
ದೆವ್ವಕ್ಕೆ ಹೇಳಿದ ಹಾಗೆ.
ನಾನು ಬರುವುದಿಲ್ಲ. ಶನಿವಾರ ಪಂದ್ಯವಿದೆ,
ನೀವೇ ಬನ್ನಿ, ಹದಿನಾರೂ ಜನ.
ಏಳನೇ ಗೇಟು. ಪಾಸು ನಡೆಯುವುದಿಲ್ಲ,
ಚಿಲ್ಲರೆ ಇಟ್ಟುಕೊಳ್ಳಿ.
ಕೋಟು ಮರೆಯಬೇಡಿ.